ಎಳೆಯರ ಹೆಜ್ಜೆಯ ಅಳತೆಯಲ್ಲಿ

ಒಂದು ಕುಟುಂಬ ವಿಹಾರಕ್ಕೆ ಹೊರಟಾಗ ಅದರ ವೇಗವನ್ನು ಯಾರು ನಿರ್ಧರಿಸಬೇಕು? ವರ್ಷವಿಡೀ ದುಡಿದು ದಣಿದ ತಂದೆಯೇ? ಪರೀಕ್ಷೆ ಮುಗಿಸಿ ಉಸಿರುಬಿಟ್ಟ ಮಗಳೇ? ಅಥವಾ ಪ್ರಯಾಣವೆಂದರೆ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಡುವ ಮಗುವೇ? ಮೇಲ್ನೋಟಕ್ಕೆ ಇದು ಮನೆಯೊಳಗೆ ಮಾತನಾಡಿ ಮುಗಿಸಬಹುದಾದ ಸಣ್ಣ ವಿಷಯ. ಆದರೆ ಆಟಿಸಂ ಇರುವ ಮಗುವಿನ ತಂದೆತಾಯಿಗೆ ಇದು ನಿದ್ದೆಗೆಡಿಸುವ ಪ್ರಶ್ನೆ. ನ್ಯಾಯ, ಪ್ರೀತಿ, ಕರ್ತವ್ಯ ಈ ಮೂರೂ ಅದರಲ್ಲಿ ಹೆಣೆದುಕೊಂಡಿವೆ.

ನಮ್ಮ ಕಾಫಿ ಸೀಮೆಯವರಿಗೆ ಪ್ರಯಾಣ ಹೊಸದಲ್ಲ. ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ, ವೇಲಾಂಕಣಿ ಮಾತೆಯ ಸನ್ನಿಧಿಗೆ, ಹಳೆ ಗೋವೆಯ ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆ ನಮ್ಮ ಕುಟುಂಬಗಳು ತಲೆಮಾರುಗಳಿಂದ ಹೋಗಿಬರುತ್ತಿವೆ. ಈಗ ಈ ಪಟ್ಟಿಗೆ ಹಡಗಿನ ವಿಹಾರವೂ ಸೇರಿದೆ. ಚಳಿಗಾಲದಲ್ಲಿ ವಿದೇಶೀ ಪ್ರವಾಸಿ ಹಡಗುಗಳು ನವಮಂಗಳೂರು ಬಂದರಿಗೆ ಬರುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಿದ್ದೆವು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೆಲಿಯಾ ಸಂಸ್ಥೆಯ ಹಡಗು ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳ ಕಡೆಗೆ ಯಾನ ಆರಂಭಿಸಿದ ಮೇಲೆ, ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆಸಿರುವ ಬಂಧುಗಳು ಊರಿನವರನ್ನೂ ಕರೆದುಕೊಂಡು ಹಡಗು ಹತ್ತುವುದು ಅಪರೂಪವಾಗಿ ಉಳಿದಿಲ್ಲ.

ಹೀಗೆ ಕರೆ ಬಂದ ಮನೆಯೊಂದರ ವಿಚಾರ ಹೇಳುತ್ತೇನೆ. ತಂದೆ ಸಣ್ಣ ಬೆಳೆಗಾರರು. ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಹನ್ನೊಂದು ವರ್ಷದ ಮಗನಿಗೆ ಆಟಿಸಂ ಇದೆ. ಅಜ್ಜ ಅಜ್ಜಿಯ ವಿವಾಹದ ಸುವರ್ಣ ಮಹೋತ್ಸವವನ್ನು ಹಡಗಿನಲ್ಲಿ ಆಚರಿಸಲು ಮುಂಬಯಿಯಲ್ಲಿರುವ ಚಿಕ್ಕಪ್ಪ ಎಲ್ಲರಿಗೂ ಟಿಕೆಟ್ ಮಾಡಿಸುವುದಾಗಿ ಹೇಳಿದರು. ಜೊತೆಗೇ ಮೃದುವಾಗಿ ಒಂದು ಸಲಹೆಯನ್ನೂ ಕೊಟ್ಟರು: ಹುಡುಗನನ್ನು ಯಾರಾದರೂ ಬಂಧುಗಳ ಮನೆಯಲ್ಲಿ ಬಿಟ್ಟು ಬರಬಹುದಲ್ಲವೇ? ತಂದೆಗೆ ಅದು ಸರಿಯೆನಿಸಿತು. ಮಗಳು ಬಾಲ್ಯದಿಂದ ಒಂದು ಪ್ರವಾಸವನ್ನೂ ಕಂಡವಳಲ್ಲ, ಅವಳಿಗೂ ಒಂದು ಸಂತೋಷ ಬೇಡವೇ ಎಂಬುದು ಅವರ ವಾದ. ತಾಯಿ ಒಪ್ಪಲಿಲ್ಲ. "ಫಾದರ್, ಅವನನ್ನು ಬಿಟ್ಟು ಹೋದರೆ ನನ್ನ ಜೀವ ಇಲ್ಲೇ ಇರುತ್ತದೆ. ಕರೆದುಕೊಂಡು ಹೋದರೆ ಹಡಗಿನವರ ಕಣ್ಣೆಲ್ಲ ನನ್ನ ಮೇಲೆಯೇ ಇರುತ್ತದೆ. ನಾನು ಹೋಗದೆ ಇರುವುದೇ ಸರಿಯಲ್ಲವೇ?" ಎಂದು ಆಕೆ ಕೇಳಿದರು.

ಆ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಚಿಕ್ಕಪ್ಪನದು ಔದಾರ್ಯ, ತಂದೆಯದು ಮಗಳ ಮೇಲಿನ ಕನಿಕರ, ತಾಯಿಯದು ಮಗನ ಮೇಲಿನ ಮಮತೆ. ಒಳ್ಳೆಯದೂ ಒಳ್ಳೆಯದೂ ಎದುರುಬದುರಾಗಿ ನಿಂತಾಗಲೇ ನೀತಿಯ ಪ್ರಶ್ನೆ ನಿಜಕ್ಕೂ ಕಠಿಣವಾಗುವುದು. ಆದ್ದರಿಂದ ಯಾರನ್ನೂ ದೂಷಿಸದೆ ಇದನ್ನು ಬಿಡಿಸಿ ನೋಡೋಣ.

ಮೊದಲು ಮಗುವಿನ ಕಡೆಯಿಂದ ನೋಡಬೇಕು. ಆಟಿಸಂ, ಅಂದರೆ ಸ್ವಲೀನತೆ, ಕಾಯಿಲೆಯಲ್ಲ. ಮಿದುಳಿನ ಬೆಳವಣಿಗೆಯಲ್ಲೇ ಇರುವ, ಬದುಕಿನುದ್ದಕ್ಕೂ ಉಳಿಯುವ ಒಂದು ಭಿನ್ನತೆ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಹೆಸರು ವೈದ್ಯಲೋಕದಲ್ಲಿ ಬಳಕೆಗೆ ಬಂತು. ನಂತರದ ಕೆಲವು ದಶಕಗಳ ಕಾಲ, ತಾಯಿಯ ಪ್ರೀತಿ ಸಾಲದ್ದರಿಂದಲೇ ಮಗು ಹೀಗಾಗುತ್ತದೆ ಎಂಬ ಕ್ರೂರವಾದ ಸಿದ್ಧಾಂತವೊಂದು ಚಾಲ್ತಿಯಲ್ಲಿತ್ತು. ವಿಜ್ಞಾನ ಅದನ್ನು ಎಂದೋ ತಳ್ಳಿಹಾಕಿದೆ. ಆದರೆ ಅಕ್ಕಪಕ್ಕದವರ ನೋಟದಲ್ಲಿ ಅದು ಇನ್ನೂ ಉಳಿದಿದೆ. "ಸರಿಯಾಗಿ ಬೆಳೆಸಿದ್ದರೆ ಹೀಗೆ ಕಿರುಚುತ್ತಿತ್ತೇ?" ಎಂಬ ಪಿಸುಮಾತು ನಮ್ಮ ಮದುವೆ ಮನೆಗಳಲ್ಲೂ ಬಸ್ಸುಗಳಲ್ಲೂ ಇಂದಿಗೂ ಕೇಳಿಬರುತ್ತದೆ.

ಇಂತಹ ಅನೇಕ ಮಕ್ಕಳಿಗೆ ನಿನ್ನೆಯಂತೆಯೇ ಇರುವ ಇಂದು ಬೇಕು. ಅದೇ ತಟ್ಟೆ, ಅದೇ ದಾರಿ, ಅದೇ ಕಿಟಕಿಯ ಪಕ್ಕದ ಸೀಟು. ಬಣಕಲ್‌ನಿಂದ ಕರಾವಳಿಗೆ ಇಳಿಯುವಾಗ ಕೊಟ್ಟಿಗೆಹಾರದಲ್ಲಿ ಪ್ರತಿಸಲವೂ ಅದೇ ಹೋಟೆಲಿನಲ್ಲಿ ನೀರುದೋಸೆ ತಿಂದ ಮಗು, ಒಂದು ದಿನ ಅದು ಮುಚ್ಚಿದ್ದರೆ ಚಾರ್ಮಾಡಿ ಘಾಟಿಯ ತಿರುವುಗಳುದ್ದಕ್ಕೂ ಅಳಬಹುದು. ಅದು ಹಟವಲ್ಲ. ಅದಕ್ಕೆ ತಿಳಿದಿದ್ದ ಲೋಕದಿಂದ ಒಂದು ಕಂಬವೇ ಕುಸಿದಂತೆ. ಶಬ್ದ, ಬೆಳಕು, ವಾಸನೆ, ಸ್ಪರ್ಶ ಇವು ನಮಗೆ ತಟ್ಟುವುದಕ್ಕಿಂತ ಅನೇಕ ಪಟ್ಟು ತೀವ್ರವಾಗಿ ಕೆಲವು ಮಕ್ಕಳಿಗೆ ತಟ್ಟುತ್ತವೆ. ನಾವು ಸಂಗೀತವೆನ್ನುವುದು ಅವರ ಕಿವಿಗೆ ನೋವಾಗಿರಬಹುದು.

ಈ ಮಗುವನ್ನು ಹಡಗಿನಲ್ಲಿಟ್ಟು ಯೋಚಿಸಿರಿ. ಹಡಗಿನಲ್ಲಿ ಅನುಕೂಲಗಳೂ ಇವೆ, ಅದನ್ನು ಮರೆಯಬಾರದು. ಊರಿಂದೂರಿಗೆ ಹೋಟೆಲು ಬದಲಾಯಿಸುವ ಪ್ರವಾಸದಂತೆ ಇಲ್ಲಿ ದಿನಕ್ಕೊಂದು ಹೊಸ ಕೋಣೆಯಿಲ್ಲ. ಒಮ್ಮೆ ಸಾಮಾನು ಬಿಚ್ಚಿದರೆ ಅದೇ ಹಾಸಿಗೆ, ಅದೇ ಊಟದ ಜಾಗ, ಅದೇ ಸಮಯ. ಸಾಕೆನಿಸಿದರೆ ಕೋಣೆಗೆ ಹಿಂತಿರುಗಲು ಕೆಲವೇ ನಿಮಿಷ ಸಾಕು. ಆದರೆ ಕಷ್ಟಗಳೂ ಅಷ್ಟೇ ದೊಡ್ಡವು. ಹತ್ತುವಾಗ ಉದ್ದನೆಯ ಸಾಲು. ಊಟದ ಮನೆಯಲ್ಲಿ ನೂರಾರು ಜನರ ಗದ್ದಲ. ತುರ್ತುಸ್ಥಿತಿಯ ಅಭ್ಯಾಸ ಸಮುದ್ರಯಾನದ ಅಂತರರಾಷ್ಟ್ರೀಯ ನಿಯಮದಂತೆ ಕಡ್ಡಾಯ. ಅದರ ಸಂಕೇತ ಏಳು ಗಿಡ್ಡ ಕೂಗು, ಕೊನೆಗೊಂದು ದೀರ್ಘ ಕೂಗು. ಮುನ್ಸೂಚನೆಯಿಲ್ಲದೆ ಕಿವಿಗೆ ಬಿದ್ದರೆ ಆ ಒಂದು ಸದ್ದೇ ಇಡೀ ಯಾನವನ್ನು ಕೆಡಿಸಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಆಟಿಸಂ ಇರುವ ಕೆಲವು ಮಕ್ಕಳು ಕಣ್ಣು ತಪ್ಪಿಸಿ ಹೊರಟುಬಿಡುತ್ತಾರೆ, ನೀರಿನೆಡೆಗೆ ಅವರಿಗೆ ವಿಚಿತ್ರವಾದ ಸೆಳೆತವೂ ಇರುತ್ತದೆ. ಸುತ್ತಲೂ ಸಮುದ್ರವೇ ಇರುವಲ್ಲಿ ತಾಯಿ ಹೇಗೆ ಕಣ್ಣು ಮುಚ್ಚಿಯಾಳು? ಬೇಡವೆನಿಸಿದರೆ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡಲು ಹಡಗು ಬಸ್ಸಲ್ಲ.

ಹಾಗಾದರೆ ಬಿಟ್ಟು ಹೋಗುವುದೇ ಸರಿಯೆಂದಾಯಿತೇ? ಒಂದು ಕೃತ್ಯದ ಒಳಿತು ಕೆಡಕನ್ನು ತೂಗುವಾಗ ಕೃತ್ಯವನ್ನು ಮಾತ್ರವಲ್ಲ, ಅದರ ಹಿಂದಿನ ಉದ್ದೇಶವನ್ನೂ ಸನ್ನಿವೇಶವನ್ನೂ ನೋಡಬೇಕೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಅಳತೆಗೋಲು ಹಳೆಯದು, ಆದರೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಮಗುವನ್ನು ಅಕ್ಕರೆಯ ಅತ್ತೆಯ ಮನೆಯಲ್ಲಿ ಮೂರು ದಿನ ಬಿಡುವುದು ಒಂದೇ ಕೃತ್ಯ. ಆದರೆ "ಹಡಗು ಅವನಿಗೆ ಹಿಂಸೆಯಾಗುತ್ತದೆ, ಅತ್ತೆಯ ಮನೆಯ ಅಂಗಳ ಅವನಿಗೆ ಇಷ್ಟ" ಎಂದು ಬಿಡುವುದು ಬೇರೆ. "ಅವನು ಬಂದರೆ ನಮಗೆ ನಾಚಿಕೆ" ಎಂದು ಬಿಡುವುದು ಬೇರೆ. ಮೊದಲನೆಯದು ಪ್ರೀತಿಯ ಒಂದು ರೂಪ. ಎರಡನೆಯದು ಪ್ರೀತಿಯ ಹೆಸರಿನಲ್ಲಿ ನಡೆಯುವ ಬಹಿಷ್ಕಾರ. ಹೊರಗಿನವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿದಿರುವುದು ಅಂತಃಸಾಕ್ಷಿಗೆ ಮಾತ್ರ. ಆದ್ದರಿಂದ ತಂದೆತಾಯಿಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಬಿಟ್ಟು ಹೋಗುತ್ತಿರುವುದು ಅವನ ಸಲುವಾಗಿಯೋ, ಜನರ ಕಣ್ಣಿನ ಸಲುವಾಗಿಯೋ?

ಇದೇ ಪ್ರಶ್ನೆಯನ್ನು ಕರೆದೊಯ್ಯುವವರೂ ಕೇಳಿಕೊಳ್ಳಬೇಕು. "ನಮ್ಮ ಮಗು ಯಾರಿಗೂ ಕಡಿಮೆಯಿಲ್ಲ" ಎಂದು ಲೋಕಕ್ಕೆ ತೋರಿಸುವ ಹಂಬಲದಿಂದ, ಸಿದ್ಧತೆಯಿಲ್ಲದೆ ಮಗುವನ್ನು ಗದ್ದಲಕ್ಕೆ ಎಳೆದೊಯ್ದರೆ ಅದೂ ಮಗುವಿನ ಸಲುವಾಗಿ ಆದದ್ದಲ್ಲ. ಕರೆದೊಯ್ಯುವುದು ಬೇರೆ, ಎಳೆದೊಯ್ಯುವುದು ಬೇರೆ.

ಇನ್ನೊಂದು ಆಕ್ಷೇಪಣೆ ಉಂಟು: "ಅವನಿಗೆ ಸಮುದ್ರವೆಂದರೇನು, ಹಡಗೆಂದರೇನು ಎಂದು ಗೊತ್ತಾಗುವುದೇ? ಸುಮ್ಮನೆ ಖರ್ಚು." ಈ ಮಾತನ್ನಾಡುವವರು, ಸಂತೋಷವೆಂದರೆ ತಮ್ಮ ಸಂತೋಷ ಮಾತ್ರ ಎಂದು ಭಾವಿಸಿದ್ದಾರೆ. ಆ ಹುಡುಗ ಸೂರ್ಯಾಸ್ತದತ್ತ ತಿರುಗಿಯೂ ನೋಡದೆ, ಲಿಫ್ಟಿನ ಬಾಗಿಲು ತೆರೆದು ಮುಚ್ಚುವುದನ್ನೇ ಒಂದು ಗಂಟೆ ನೋಡಿ ನಗಬಹುದು. ಸೂರ್ಯಾಸ್ತವನ್ನು ಫೋಟೋ ತೆಗೆಯುವವನ ಸಂತೋಷ ಇದಕ್ಕಿಂತ ಶ್ರೇಷ್ಠವೆಂದು ಯಾವ ತಕ್ಕಡಿಯಲ್ಲಿ ತೂಗಿ ಹೇಳೋಣ? ವಿರಾಮಕ್ಕೆ ಪ್ರಯೋಜನದ ಲೆಕ್ಕ ಕೊಡಬೇಕಾಗಿಲ್ಲ ಎಂಬುದೇ ವಿರಾಮದ ಹಿರಿಮೆ. ಉಳಿದವರಿಗೆ ಒಪ್ಪಿದ ಈ ಹಿರಿಮೆಯನ್ನು ಈ ಮಗುವಿಗೆ ಮಾತ್ರ ನಿರಾಕರಿಸುವುದು ನ್ಯಾಯವಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿ, ಭಾರತ 2007ರಲ್ಲಿ ಅನುಮೋದಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿ ಮನರಂಜನೆ, ವಿರಾಮ, ಕ್ರೀಡೆಗಳಲ್ಲಿ ಭಾಗವಹಿಸುವುದನ್ನು ಹಕ್ಕೆಂದು ಸಾರಿ, ಪ್ರವಾಸಿ ತಾಣಗಳ ಪ್ರವೇಶವನ್ನೂ ಹೆಸರಿಸುತ್ತದೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಅದುವರೆಗೆ 7 ಇದ್ದ ಅಂಗವಿಕಲತೆಯ ವರ್ಗಗಳನ್ನು 21ಕ್ಕೆ ಏರಿಸಿ ಆಟಿಸಂ ಅನ್ನೂ ಸೇರಿಸಿತು. ಹಾಗಾದರೆ ಇಂತಹ ಕುಟುಂಬ ಪ್ರವಾಸ ಹೋಗಲು ನಾವು ಮಾಡಿಕೊಡುವ ಅನುಕೂಲ ದಾನವಲ್ಲ, ಸಲ್ಲಬೇಕಾದ ಬಾಕಿ.

ಆ ಬಾಕಿ ಯಾರದು ಎಂಬುದನ್ನು ಒಂದು ಘಟನೆ ತೋರಿಸಿಕೊಟ್ಟಿತು. 2022ರ ಮೇ 7ರಂದು ರಾಂಚಿ ವಿಮಾನ ನಿಲ್ದಾಣದಲ್ಲಿ, ದಾರಿಯಲ್ಲಿ ಗಾಬರಿಗೊಂಡಿದ್ದ ವಿಶೇಷ ಅಗತ್ಯವುಳ್ಳ ಬಾಲಕನೊಬ್ಬನನ್ನು ವಿಮಾನ ಸಂಸ್ಥೆಯ ಸಿಬ್ಬಂದಿ ಹತ್ತಿಸಿಕೊಳ್ಳಲಿಲ್ಲ. ಅವನಿಂದ ಇತರ ಪ್ರಯಾಣಿಕರಿಗೆ ಅಪಾಯ ಎಂಬುದು ಅವರು ಕೊಟ್ಟ ಕಾರಣ. ಆದರೆ ಆ ಇತರ ಪ್ರಯಾಣಿಕರೇ ಎದ್ದು ನಿಂತು, ನಮಗೇನೂ ಅಡ್ಡಿಯಿಲ್ಲ, ಅವರನ್ನು ಬಿಡಿ ಎಂದು ವಾದಿಸಿದರು. ಪ್ರಯಾಣಿಕರಲ್ಲಿದ್ದ ವೈದ್ಯರು ತಾವು ನೋಡಿಕೊಳ್ಳುತ್ತೇವೆಂದು ಮುಂದೆ ಬಂದರು. ಆದರೂ ಆ ದಿನ ಆ ಕುಟುಂಬಕ್ಕೆ ವಿಮಾನ ದೊರೆಯಲಿಲ್ಲ. ಅದೇ ತಿಂಗಳು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಆ ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ವಿಧಿಸಿತು. ಅಂಗವಿಕಲತೆಯ ಕಾರಣಕ್ಕಾಗಿ ಯಾರಿಗೂ ಪ್ರಯಾಣ ನಿರಾಕರಿಸಕೂಡದು, ಆರೋಗ್ಯದ ಸಂಶಯವಿದ್ದರೆ ವೈದ್ಯರೇ ನೋಡಿ ಹೇಳಬೇಕು ಎಂದು ಜುಲೈಯಲ್ಲಿ ನಿಯಮವನ್ನೂ ಬಿಗಿಗೊಳಿಸಿತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ದಂಡವಲ್ಲ. ಎದ್ದು ನಿಂತ ಆ ಅಪರಿಚಿತ ಪ್ರಯಾಣಿಕರು. "ಸಹಪ್ರಯಾಣಿಕ" ಎಂಬ ಪದಕ್ಕೆ ಅವರು ಅರ್ಥ ತಂದರು.

"ನಾವೂ ದುಡ್ಡು ಕೊಟ್ಟಿದ್ದೇವೆ, ನಮಗೂ ನೆಮ್ಮದಿ ಬೇಡವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮಗು ಯಾರನ್ನಾದರೂ ಹೊಡೆದರೆ ತಡೆಯುವ ಹೊಣೆ ತಂದೆತಾಯಿಯದು, ಅದರಿಂದ ಅವರಿಗೆ ವಿನಾಯಿತಿಯಿಲ್ಲ. ಆದರೆ ಹಾನಿ ಬೇರೆ, ಕಿರಿಕಿರಿ ಬೇರೆ. ನಾವು ಕೊಟ್ಟ ದುಡ್ಡಿನಿಂದ ನಮ್ಮ ಜಾಗ ದೊರೆಯುತ್ತದೆ. ನಮಗೆ ಹಿಡಿಸದವರು ಅಲ್ಲಿರಬಾರದೆಂಬ ಹಕ್ಕು ದೊರೆಯುವುದಿಲ್ಲ. ಕೈಗೂಸು ಅತ್ತರೆ ನಾವು ಸಹಿಸುತ್ತೇವೆ, ಅದು ಕೂಸೆಂದು ನಮಗೆ ತಿಳಿದಿದೆ. ಹನ್ನೊಂದರ ಹುಡುಗ ಅತ್ತರೆ ಸಹಿಸುವುದಿಲ್ಲ, ಏಕೆಂದರೆ ನಮಗೆ ತಿಳಿದಿಲ್ಲ. ಹಾಗಿದ್ದಲ್ಲಿ ಕೊರತೆ ಇರುವುದು ಸಹನೆಯಲ್ಲಿ ಅಲ್ಲ, ತಿಳುವಳಿಕೆಯಲ್ಲಿ.

ತಿಳುವಳಿಕೆ ಬಂದಲ್ಲಿ ವ್ಯವಸ್ಥೆಯೂ ಬರುತ್ತದೆ. ಅಮೆರಿಕದಲ್ಲಿ 2007ರಿಂದಲೂ ಆಟಿಸಂ ಇರುವ ಮಕ್ಕಳ ಕುಟುಂಬಗಳಿಗಾಗಿಯೇ ತರಬೇತಿ ಪಡೆದ ಸಹಾಯಕರೊಡನೆ ಹಡಗಿನ ಯಾನಗಳನ್ನು ಏರ್ಪಡಿಸಲಾಗುತ್ತಿದೆ. ಅಲ್ಲಿನ ದೊಡ್ಡ ಹಡಗು ಸಂಸ್ಥೆಗಳಲ್ಲಿ ಕೆಲವು, ಇಂತಹ ಕುಟುಂಬಗಳನ್ನು ಸಾಲಿನಲ್ಲಿ ಕಾಯಿಸದೆ ಮೊದಲು ಹತ್ತಿಸುತ್ತವೆ, ದೀಪಗಳನ್ನು ಪೂರ್ತಿ ಆರಿಸದೆ ಸದ್ದು ತಗ್ಗಿಸಿ ಚಲನಚಿತ್ರ ತೋರಿಸುತ್ತವೆ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ, ಕಣ್ಣಿಗೆ ಕಾಣದ ಅಂಗವಿಕಲತೆ ಇರುವವರಿಗೆ ಕೊರಳಿಗೆ ಹಾಕಿಕೊಳ್ಳುವ ಸೂರ್ಯಕಾಂತಿ ಚಿತ್ರದ ಪಟ್ಟಿ ಕೊಡುವ ಪದ್ಧತಿ ಆರಂಭವಾಯಿತು. ಇವರಿಗೆ ತುಸು ಹೆಚ್ಚು ಸಮಯ ಬೇಕು ಎಂದು ಆ ಪಟ್ಟಿಯೇ ಸಿಬ್ಬಂದಿಗೆ ಹೇಳುತ್ತದೆ. ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ 2025ರಲ್ಲಿ, ಗದ್ದಲದಿಂದ ಕಂಗೆಟ್ಟವರು ಶಾಂತವಾಗಿ ಕುಳಿತು ಸುಧಾರಿಸಿಕೊಳ್ಳಲೆಂದೇ ಒಂದು ವಿಶೇಷ ಕೋಣೆ ತೆರೆಯಿತು.

ಪವಿತ್ರ ಬೈಬಲಿನ ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಪ್ರಯಾಣವನ್ನು ಕುರಿತ ಒಂದು ಪ್ರಸಂಗವಿದೆ. ಎಷ್ಟೋ ವರ್ಷಗಳ ವೈರ ಮರೆತು ಏಸಾವನು ತಮ್ಮನಾದ ಯಕೋಬನನ್ನು ಅಪ್ಪಿಕೊಂಡು, ಬಾ, ಜೊತೆಯಾಗಿ ಹೋಗೋಣ ಎಂದು ಕರೆಯುತ್ತಾನೆ. ಅವನೊಂದಿಗೆ ನಾನೂರು ಮಂದಿ ಗಟ್ಟಿಗರಿದ್ದಾರೆ. ಯಕೋಬನು ವಿನಯದಿಂದ ಒಪ್ಪುವುದಿಲ್ಲ. ತನ್ನ ಮಕ್ಕಳು ಎಳೆಯರು, ಹಿಂಡಿನಲ್ಲಿ ಹಾಲೂಡುವ ತಾಯಿಗಳಿವೆ, ಒಂದು ದಿನ ಓಡಿಸಿದರೂ ಅವು ಉಳಿಯಲಾರವು. ಆದ್ದರಿಂದ ಅಣ್ಣ ಮುಂದೆ ನಡೆಯಲಿ, ತಾನು ಮಂದೆಯ ಮತ್ತು ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲನೆ ಬರುವೆನೆಂದು ಹೇಳುತ್ತಾನೆ. ಇದನ್ನು ಹೇಳಿದ ಯಕೋಬನೂ ಆಗ ತೊಡೆಯ ಕೀಲು ತಪ್ಪಿ ಕುಂಟುತ್ತಿದ್ದವನು. ನೊಂದವನಿಗೆ ಮೆಲ್ಲನೆ ನಡೆಯುವವರ ಕಷ್ಟ ತಿಳಿಯುತ್ತದೆ.

ನಾನು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿದೆಯೆಂದು ನನ್ನ ನಂಬಿಕೆ. ಪ್ರಯಾಣದ ವೇಗವನ್ನು ನಿರ್ಧರಿಸಬೇಕಾದವನು ಎಲ್ಲರಿಗಿಂತ ಮೆಲ್ಲನೆ ನಡೆಯುವವನು. ಹಾಗೆಂದು ಉಳಿದವರು ಹೋಗಲೇಬಾರದೆಂದಲ್ಲ. ಯಕೋಬನು ಪ್ರಯಾಣವನ್ನು ನಿಲ್ಲಿಸಲಿಲ್ಲ, ಮಕ್ಕಳನ್ನು ಹಿಂದೆ ಬಿಟ್ಟು ಓಡಲೂ ಇಲ್ಲ. ನಡಿಗೆಯ ಅಳತೆಯನ್ನು ಬದಲಾಯಿಸಿದ. ಹೋಗುವುದೋ ಬಿಡುವುದೋ ಎಂಬ ಎರಡೇ ದಾರಿಗಳು ಕಂಡಲ್ಲಿ ಮೂರನೆಯ ದಾರಿ ಇದು.

ಆ ಮನೆಯವರು ಹಿಡಿದದ್ದೂ ಈ ದಾರಿಯನ್ನೇ. ನಾಲ್ಕು ತಿಂಗಳು ಮೊದಲೇ ಹುಡುಗನಿಗೆ ಹಡಗಿನ ಚಿತ್ರಗಳನ್ನು ಅಂಟಿಸಿದ ಪುಸ್ತಕವೊಂದನ್ನು ಅಕ್ಕ ಮಾಡಿಕೊಟ್ಟಳು: ಇದು ರೈಲು, ಇದು ಹಡಗಿನ ಮೆಟ್ಟಿಲು, ಇದು ನಮ್ಮ ಕೋಣೆ, ಈಗ ಜೋರಾಗಿ ಕೂಗು ಬರುತ್ತದೆ, ಆಮೇಲೆ ನಿಲ್ಲುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಎರಡು ಸಲ ಅಭ್ಯಾಸ ಮಾಡಿಸಿದರು. ಮೊದಲ ಸಲ ಅವನು ದಡದಿಂದಲೇ ಅತ್ತು ಹಿಂತಿರುಗಿದ. ಎರಡನೆಯ ಸಲ ಕಿವಿಗೆ ಸದ್ದು ತಡೆಯುವ ಕವಚ ಹಾಕಿಕೊಂಡು ಕುಳಿತ. ಹಡಗಿನವರಿಗೆ ಮುಂಚಿತವಾಗಿ ಪತ್ರ ಬರೆದರು. ಕೈಗೆ ಹೆಸರು, ಫೋನ್ ನಂಬರಿನ ಪಟ್ಟಿ ಕಟ್ಟಿದರು. ಐದು ದಿನದ ಯಾನದ ಬದಲು ಎರಡು ರಾತ್ರಿಯದನ್ನು ಆರಿಸಿಕೊಂಡರು. ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಎರಡನೆಯ ದಿನ ಅರ್ಧ ಹೊತ್ತು ಅವನು ಕೋಣೆ ಬಿಟ್ಟು ಹೊರಬರಲಿಲ್ಲ. ತಂದೆತಾಯಿ ಸರದಿಯ ಮೇಲೆ ಅವನ ಬಳಿ ಉಳಿದರು. ಮಗಳು ಆ ಸಂಜೆ ತಂದೆಯೊಡನೆ, ಮಾರನೆಯ ಬೆಳಿಗ್ಗೆ ತಾಯಿಯೊಡನೆ ಸಮುದ್ರ ನೋಡಿದಳು. ಸಂಗೀತವಿದ್ದ ದೊಡ್ಡ ಸಭಾಂಗಣ ಹುಡುಗನಿಗೆ ಆಗದೆಂದು ತಿಳಿದ ಅಜ್ಜ, ಸುವರ್ಣ ಮಹೋತ್ಸವದ ಕೇಕನ್ನು ಆ ಸಣ್ಣ ಕೋಣೆಗೇ ತರಿಸಿ ಕತ್ತರಿಸಿದರು. ಮೈಕ್ ಇರಲಿಲ್ಲ, ಚಪ್ಪಾಳೆ ಇರಲಿಲ್ಲ. ಎಲ್ಲರೂ ಇದ್ದರು.

ತಾಯಿಯ ವಿಶ್ರಾಂತಿಯನ್ನು ಕುರಿತೂ ಒಂದು ಮಾತು ಹೇಳಲೇಬೇಕು. ಸಬ್ಬತ್ ದಿನದ ವಿಶ್ರಾಂತಿಯ ಕಟ್ಟಳೆಯನ್ನು ಗಮನವಿಟ್ಟು ಓದಿರಿ. ಅಲ್ಲಿ ಮಗ, ಮಗಳು, ಆಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಎಲ್ಲರ ಹೆಸರೂ ಬರುತ್ತದೆ. ಒಬ್ಬನ ವಿಶ್ರಾಂತಿ ಇನ್ನೊಬ್ಬನ ದುಡಿಮೆಯ ಮೇಲೆ ನಿಲ್ಲಬಾರದೆಂಬುದೇ ಅದರ ಸಾರ. ಆಟಿಸಂ ಇರುವ ಮಗುವಿನ ತಾಯಿಗೆ ಪ್ರವಾಸವೆಂದರೆ ಅನೇಕ ವೇಳೆ ಅದೇ ದುಡಿಮೆ, ಜಾಗ ಮಾತ್ರ ಬೇರೆ. ಚಿಕ್ಕಪ್ಪನ ಔದಾರ್ಯಕ್ಕೆ ಟಿಕೆಟ್ಟಿಗಿಂತ ದೊಡ್ಡ ರೂಪವೊಂದಿದೆ: "ಅತ್ತಿಗೆ, ಈ ಎರಡು ಗಂಟೆ ಅವನನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಗಾಳಿಗೆ ಕುಳಿತುಕೊಳ್ಳಿ" ಎಂಬ ಮಾತು. ಇದಕ್ಕೆ ಹಡಗು ಬೇಕಾಗಿಲ್ಲ. ಬಣಕಲ್‌ನ ಯಾವ ಮನೆಯಲ್ಲೂ, ಯಾವ ಭಾನುವಾರದ ಸಂಜೆಯೂ ಇದು ಸಾಧ್ಯ.

2018ರ ನವೆಂಬರಿನಲ್ಲಿ ವ್ಯಾಟಿಕನ್ನಿನ ಸಾರ್ವಜನಿಕ ದರ್ಶನದ ವೇಳೆ ಮಾತು ಬಾರದ ಬಾಲಕನೊಬ್ಬ ವೇದಿಕೆಗೆ ಓಡಿಬಂದು ಕಾವಲುಗಾರನ ಕೈ ಜಗ್ಗಿ, ಪೋಪ್ ಫ್ರಾನ್ಸಿಸರ ಪೀಠದ ಸುತ್ತ ಆಡತೊಡಗಿದ. ಕಂಗಾಲಾದ ತಾಯಿ ಕರೆದೊಯ್ಯಲು ಬಂದರು. 2025ರಲ್ಲಿ ನಮ್ಮನ್ನಗಲಿದ ಆ ಜಗದ್ಗುರು, ಇರಲಿ, ಆಡಲಿ ಬಿಡಿ ಎಂದರು. ಅನಂತರ ನೆರೆದವರಿಗೆ, ಈ ಬಾಲಕನಿಗೆ ಮಾತು ಬಾರದು, ಆದರೆ ಮನಸ್ಸನ್ನು ತಿಳಿಸಲು ಬರುತ್ತದೆ, ದೇವರ ಮುಂದೆ ನಾನೂ ಇಷ್ಟು ಸ್ವತಂತ್ರನೇ ಎಂದು ಯೋಚಿಸುವಂತೆ ಇವನು ಮಾಡಿದ ಎಂಬರ್ಥದ ಮಾತುಗಳನ್ನು ಹೇಳಿದರು. ಸಭೆಯ ಶಿಸ್ತು ಕೆಟ್ಟಿತೆಂದು ಅಲ್ಲಿ ಯಾರಿಗೂ ಅನಿಸಲಿಲ್ಲ.

ದೇವಾಲಯದಲ್ಲಿ ಜನರು ಕೂರುವ ಉದ್ದನೆಯ ಭಾಗಕ್ಕೆ ಪಾಶ್ಚಾತ್ಯ ಭಾಷೆಗಳಲ್ಲಿರುವ ಹೆಸರು ಲತೀನಿನ 'ನಾವಿಸ್' ಎಂಬ ಪದದಿಂದ ಬಂದದ್ದು. ಹಾಗೆಂದರೆ ಹಡಗು, ನಮ್ಮ 'ನಾವೆ'ಗೂ ಅದು ದೂರದ ನೆಂಟ. ಭಾನುವಾರ ಬಲಿಪೂಜೆಗೆ ಬಂದು ಆಸನಗಳಲ್ಲಿ ಕುಳಿತಾಗ ನಾವೆಲ್ಲರೂ ಒಂದೇ ಹಡಗಿನ ಸಹಪ್ರಯಾಣಿಕರು. ಹಿಂದಿನ ಸಾಲಿನಲ್ಲಿ ಮಗುವೊಂದು ಜೋರಾಗಿ ಕೂಗಿ, ತಾಯಿ ನಾಚಿ ಎದ್ದು ಹೊರಗೆ ಹೋಗಲು ಹೊರಟರೆ, ಆಗ ಕತ್ತು ಹೊರಳಿಸಿ ನೋಡುವವರು ನಾವಾಗುವೆವೋ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು "ಕೂತ್ಕೊಳಿ ಅಮ್ಮಾ, ಪರವಾಗಿಲ್ಲ" ಎನ್ನುವವರು ನಾವಾಗುವೆವೋ? ಸಮುದ್ರದ ಹಡಗನ್ನು ಹತ್ತುವ ಧೈರ್ಯ ಆ ತಾಯಿಗೆ ಬರಬೇಕಾದದ್ದು ಈ ಹಡಗಿನಿಂದಲೇ.